ಕಲ್ಲುಗಣಿಯಲ್ಲೊಂದು ಲಾಡ್ಜ್: ಬಯಲಿನಲ್ಲಿ ನಡೆದ ಮೂರನೆಯ ಡಿಗ್ರಿ

ಕಳೆದ ಜೂನ್ ತಿಂಗಳ ಕೊನೆಯ ಶನಿವಾರ, ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ತಪ್ಪಲಿನಲ್ಲಿ ಕೆಲಸ ನಿಂತು ದಶಕಗಳೇ ಆಗಿರುವ ಒಂದು ಗ್ರಾನೈಟ್ ಕಲ್ಲುಗಣಿಯೊಳಗೆ, ಫ್ರೀಮೇಸನ್ನರ ಲಾಡ್ಜ್ ಒಂದು ಬಯಲಿನಲ್ಲಿ ನಡೆಸಿದ ಮೂರನೆಯ ಡಿಗ್ರಿಯ ವಿಧಿಗೆ ಹೋಗಿ ಬಂದೆ. ಊಟವೂ ಸೇರಿ ತಲೆಗೆ 35 ಡಾಲರ್ ತೆತ್ತು, ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡೂವರೆ ಗಂಟೆ ಕಾರು ಓಡಿಸಿ, ಏಳೆಂಟು ಗಂಟೆ ಅಲ್ಲಿ ಕಳೆದವನಾದ್ದರಿಂದ, ಕೊಟ್ಟ ಹಣಕ್ಕೂ ಕಳೆದ ಹೊತ್ತಿಗೂ ತಕ್ಕದ್ದು ಸಿಕ್ಕಿತೇ ಎಂದು ಊಟದ ಹೋಟೆಲನ್ನು ಕುರಿತು ಕೇಳುವಂತೆಯೇ ಇದನ್ನು ಕುರಿತೂ ಕೇಳುವ ಹಕ್ಕು ನನಗಿದೆಯೆಂದು ಭಾವಿಸಿದ್ದೇನೆ. ಕೆಲವು ಕುಂದುಗಳನ್ನು ಹೇಳಲೇಬೇಕಾಗಿರುವುದರಿಂದ ಲಾಡ್ಜಿನ ಹೆಸರನ್ನೂ ಗಣಿಯ ಹೆಸರನ್ನೂ ಬಿಟ್ಟಿದ್ದೇನೆ. ಗುಟ್ಟಾಗಿಡುವುದಾಗಿ ನಾನು ಮಾತು ಕೊಟ್ಟಿರುವ ಸಂಗತಿಗಳನ್ನೂ ಬಿಟ್ಟಿದ್ದೇನೆ. ಹೊರಗಿನವರು ಊಹಿಸುವುದಕ್ಕಿಂತ ಅವು ಬಹಳ ಕಡಿಮೆ, ಒಬ್ಬ ಮೇಸನ್ ಇನ್ನೊಬ್ಬನನ್ನು ಗುರುತು ಹಿಡಿಯುವ ಕೆಲವು ಸನ್ನೆಗಳು ಮತ್ತು ಕೆಲವು ಪದಗಳು, ಅಷ್ಟೇ.

ನಮ್ಮ ಕಡೆ ಲಾಡ್ಜ್ ಎಂದರೆ ಬಸ್ ಸ್ಟ್ಯಾಂಡಿನ ಎದುರು ರೂಮು ಬಾಡಿಗೆಗೆ ಸಿಗುವ ಕಟ್ಟಡ. ಬೆಂಗಳೂರಿನಲ್ಲಿ ನಾನು ಮೇಸನ್ ಆದ ಹೊಸತರಲ್ಲಿ ‘ಈವತ್ತು ಲಾಡ್ಜಿಗೆ ಹೋಗ್ತಿದ್ದೀನಮ್ಮ, ಬರೋದು ತಡ ಆಗುತ್ತೆ’ ಎಂದು ಹೇಳಿ ಹೊರಟಾಗ ನಮ್ಮ ತಾಯಿ ಎರಡು ದಿನ ಮಾತು ಬಿಟ್ಟಿದ್ದರು. ಫ್ರೀಮೇಸನ್ನರಲ್ಲಿ ಲಾಡ್ಜ್ ಎಂದರೆ ಕಟ್ಟಡವಲ್ಲ, ಜನರ ಮಂಡಲಿ. ಯುರೋಪಿನ ಕಲ್ಲುಕುಟಿಗರ ಸಂಘಗಳ ಉಪಕರಣಗಳನ್ನೂ ಮಾತುಗಳನ್ನೂ ತೆಗೆದುಕೊಂಡು ನಡತೆಯ ಪಾಠಗಳಿಗೆ ಹೊಂದಿಸಿಕೊಂಡ ಈ ಭ್ರಾತೃಸಂಘದ ಮೊದಲ ಗ್ರ್ಯಾಂಡ್ ಲಾಡ್ಜ್, ಎಂದರೆ ಹಲವು ಲಾಡ್ಜ್‌ಗಳ ಮೇಲಿನ ಆಡಳಿತ ಮಂಡಲಿ, 1717ರ ಜೂನ್ 24ರಂದು ಲಂಡನ್ನಿನಲ್ಲಿ ಸ್ಥಾಪನೆಯಾಯಿತು. ಮೂಲೆಮಟ್ಟ, ಕೈವಾರ, ರಸಮಟ್ಟ, ತೂಕದ ಗುಂಡು ಎಂದರೆ ನಮ್ಮ ಗಾರೆ ಕೆಲಸದವರಿಗೆ ಏನೇನು ನೆನಪಾಗುತ್ತದೆಯೋ ಅದೇ ಸಾಮಾನುಗಳೇ ಇಲ್ಲಿಯ ಸಂಕೇತಗಳೂ ಹೌದು. ಸದಸ್ಯನು ಮೂರು ಮೆಟ್ಟಿಲುಗಳನ್ನು ಏರುತ್ತಾನೆ: ಕೆಲಸಕ್ಕೆ ಸೇರಿದ ಹುಡುಗ, ಕೆಲಸ ಕಲಿತವನು, ಕೊನೆಗೆ ಮೇಸ್ತ್ರಿ. ಈ ಒಂದೊಂದು ಮೆಟ್ಟಿಲಿಗೂ ಡಿಗ್ರಿ ಎಂದು ಹೆಸರು. ನಾನು ನೋಡಿದ್ದು ಕೊನೆಯದನ್ನು, ಮಾಸ್ಟರ್ ಮೇಸನ್ ಡಿಗ್ರಿಯನ್ನು. ಅದಕ್ಕೆ ಈಗಾಗಲೇ ಮಾಸ್ಟರ್ ಮೇಸನ್ ಆಗಿರುವವರಿಗೆ ಮಾತ್ರ ಪ್ರವೇಶ.

ಲಾಡ್ಜ್ ಸಾಮಾನ್ಯವಾಗಿ ಕಿಟಕಿ ಮುಚ್ಚಿದ ಸಭಾಂಗಣದಲ್ಲಿ ಸೇರುತ್ತದೆ. ಅದರ ಸನ್ನದಿನಲ್ಲಿ ಗೊತ್ತುಪಡಿಸಿದ ಜಾಗವನ್ನು ಬಿಟ್ಟು ಬೇರೆಡೆ ಸೇರಬೇಕಾದರೆ ಗ್ರ್ಯಾಂಡ್ ಲಾಡ್ಜಿನ ಮುಖ್ಯಸ್ಥರಾದ ಗ್ರ್ಯಾಂಡ್ ಮಾಸ್ಟರರ ಲಿಖಿತ ಅನುಮತಿ ಬೇಕು, ಮೂಲ ಸನ್ನದೂ ಸಭೆಯ ಜಾಗದಲ್ಲಿರಬೇಕು. ಈ ಲಾಡ್ಜಿನ ಕಾರ್ಯದರ್ಶಿ ಕಟ್ಟು ಹಾಕಿಸಿದ ಆ ಹಳೆಯ ಕಾಗದವನ್ನು ಹತ್ತಿಯ ಶಾಲಿನಲ್ಲಿ ಸುತ್ತಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿಕೊಂಡು ತಂದಿದ್ದರು. ಇಷ್ಟು ಕಷ್ಟ ಏಕೆ ಎಂದು ಕೇಳಿದರೆ ಅಮೆರಿಕದ ಪಶ್ಚಿಮ ಭಾಗದ ಮೇಸನ್ನರು ಎರಡು ಕಥೆಗಳನ್ನು ಹೇಳುತ್ತಾರೆ. 1862ರ ಸೆಪ್ಟೆಂಬರಿನಲ್ಲಿ, ಇಂದಿನ ಮೊಂಟಾನಾದ ಮಲನ್ ಕಣಿವೆಮಾರ್ಗದ ನೆತ್ತಿಯಲ್ಲಿ ತಂಗಿದ್ದ ಪ್ರಯಾಣಿಕರಲ್ಲಿ ಮೂವರು ಮೇಸನ್ನರು ಪರಸ್ಪರ ಗುರುತು ಹಿಡಿದು ಅಲ್ಲೇ ಲಾಡ್ಜ್ ತೆರೆದು, ಎಂದರೆ ವಿಧಿಯಂತೆ ಸಭೆ ಆರಂಭಿಸಿ, ಮುಚ್ಚಿದರು. ಅವರಲ್ಲೊಬ್ಬರಾದ ನಥಾನಿಯೆಲ್ ಲ್ಯಾಂಗ್‌ಫರ್ಡ್ ಹತ್ತು ವರ್ಷಗಳ ಬಳಿಕ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಮೊದಲ ಅಧೀಕ್ಷಕರಾದರು. ಎರಡನೆಯದು ನಮಗೆ ಇನ್ನೂ ಹತ್ತಿರದ್ದು. 1859ರಲ್ಲಿ ಸಿಕ್ಕ ಬೆಳ್ಳಿಯ ಅದಿರಿನಿಂದ ಬೆಳೆದ ನೆವಾಡಾದ ವರ್ಜೀನಿಯಾ ಸಿಟಿಯಲ್ಲಿ 1875ರಲ್ಲಿ ಮೇಸನ್ನರ ಸಭಾಭವನ ಬೆಂಕಿಗೆ ತುತ್ತಾದಾಗ, ಅಲ್ಲಿಯ ಲಾಡ್ಜ್ ಸೆಪ್ಟೆಂಬರ್ 8ರಂದು ಊರಿನ ಬೆನ್ನಿಗಿರುವ, 7,800 ಅಡಿಗಳಿಗೂ ಎತ್ತರವಾದ ಡೇವಿಡ್‌ಸನ್ ಬೆಟ್ಟದ ತುದಿಯಲ್ಲಿ ಸಭೆ ಕರೆಯಿತು. ಮುನ್ನೂರಕ್ಕೂ ಹೆಚ್ಚು ಮಂದಿ ಹತ್ತಿ ಹೋದರು. ಹಿಂದಿನ ಕಾಲದ ಸಹೋದರರು ಎತ್ತರದ ಗುಡ್ಡದ ಮೇಲೋ ತಗ್ಗಿನ ಕಣಿವೆಯಲ್ಲೋ ಸೇರುತ್ತಿದ್ದರು, ಕದ್ದು ಕೇಳಲು ಬರುವವರು ದೂರದಿಂದಲೇ ಕಣ್ಣಿಗೆ ಬೀಳಲಿ ಎಂದು ಹಾಗೆ ಮಾಡುತ್ತಿದ್ದರು ಎಂಬ ಮಾತು ಇಲ್ಲಿಯ ಉಪದೇಶಪಾಠದಲ್ಲಿದೆ. ಸಭಾಂಗಣದ ಮೆತ್ತನೆಯ ಕುರ್ಚಿಯಲ್ಲಿ ಕುಳಿತು ನೂರು ಸಲ ಕೇಳಿದವರಿಗೆ ಅದನ್ನು ಒಮ್ಮೆ ನಡೆಸಿ ನೋಡುವ ಆಸೆ ಹುಟ್ಟುವುದು ಸಹಜ.

ನನ್ನೊಡನೆ ಬಂದವರು ಮೈಸೂರಿನ ಹಿರಿಯರೊಬ್ಬರು, ಎಪ್ಪತ್ತನಾಲ್ಕು ವರ್ಷದವರು, ತಮ್ಮ ಲಾಡ್ಜಿನ ಮಾಸ್ಟರ್, ಎಂದರೆ ಅಧ್ಯಕ್ಷರು, ಆಗಿದ್ದು ಪೀಠ ಬಿಟ್ಟವರು. ಮಗಳ ಮನೆಗೆಂದು ಆರು ತಿಂಗಳಿಗೆ ಬಂದಿದ್ದಾರೆ. ಅವರನ್ನು ರಾಯರೆಂದೇ ಕರೆಯುತ್ತೇನೆ. ಭಾರತದ ಗ್ರ್ಯಾಂಡ್ ಲಾಡ್ಜ್ 1961ರಲ್ಲಿ ಸ್ಥಾಪನೆಯಾದದ್ದು, ಅದರ ಕಚೇರಿ ದೆಹಲಿಯ ಜನಪಥದಲ್ಲಿದೆ. ಕ್ಯಾಲಿಫೋರ್ನಿಯಾದ ಗ್ರ್ಯಾಂಡ್ ಲಾಡ್ಜ್ ಚಿನ್ನದ ಬೇಟೆಯ ಕಾಲದ್ದು, 1850ರಲ್ಲಿ ಸ್ಯಾಕ್ರಮೆಂಟೊದಲ್ಲಿ ಹುಟ್ಟಿತು. ಇವೆರಡಕ್ಕೂ ಪರಸ್ಪರ ಮಾನ್ಯತೆ ಇರುವುದರಿಂದ ರಾಯರು ಬರಬಹುದಾಗಿತ್ತು, ಆದರೆ ಪತ್ರ ಹೋಗಿ ಪತ್ರ ಬರುವಷ್ಟರಲ್ಲಿ ಐದು ವಾರ ಹಿಡಿಯಿತು. ಅತಿಥಿಯಾಗಿ ಬರುವ ನಮ್ಮವರು ಇದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬಾರದು. ಗಣಿಯ ಬಾಯಿಯಲ್ಲಿ ಓಕ್ ಮರದ ಕೆಳಗೆ ಮೇಜು ಹಾಕಿ ಕುಳಿತಿದ್ದ ಮೂವರು ಪ್ರಮಾಣಪತ್ರ ನೋಡಿದರು, ವರ್ಷದ ಚಂದಾ ಕಟ್ಟಿದ ರಸೀದಿ ನೋಡಿದರು, ಅನಂತರ ರಾಯರನ್ನು ಒಂದು ಬಂಡೆಯ ಮರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿದರು. ಇಂಗ್ಲಿಷ್ ಪದ್ಧತಿಯಲ್ಲಿ ಕಲಿತ ಉತ್ತರಗಳಿಗೂ ಅಮೆರಿಕದ ಪ್ರಶ್ನೆಗಳಿಗೂ ಪೂರ್ತಿ ಹೊಂದಾಣಿಕೆಯಾಗುವುದಿಲ್ಲ. ಇಪ್ಪತ್ತು ನಿಮಿಷದ ಮೇಲೆ ನಾಲ್ವರೂ ನಗುತ್ತ ಹೊರಬಂದರು. ಇಡೀ ದಿನದ ವ್ಯವಸ್ಥೆಯಲ್ಲಿ ಅತ್ಯಂತ ಅಚ್ಚುಕಟ್ಟಾಗಿದ್ದದ್ದು ಈ ಭಾಗವೇ ಎಂದು ಹೇಳಬೇಕು. ಮರ್ಯಾದೆಗೆ ಕೊರತೆಯಿರಲಿಲ್ಲ, ಹಾಗೆಂದು ಯಾರನ್ನೂ ಸುಮ್ಮನೆ ಒಳಗೆ ಬಿಡಲೂ ಇಲ್ಲ.

ಊಟದ ವಿಷಯಕ್ಕೆ ಬಂದರೆ ನನ್ನ ಮಾತು ಸ್ವಲ್ಪ ಬಿಗಿಯಾಗುತ್ತದೆ. ನಾಲ್ಕು ಗಂಟೆಗೆ ಕುಟುಂಬದವರನ್ನೂ ಸೇರಿಸಿಕೊಂಡು ಊಟ. ಹದವಾಗಿ ಸುಟ್ಟ ದನದ ಮಾಂಸ ಈ ಕಡೆಯ ಇಂಥ ಕೂಟಗಳ ಹೆಮ್ಮೆ, ತಿಂದವರೆಲ್ಲ ಬಾಯಿ ತುಂಬ ಹೊಗಳುತ್ತಿದ್ದರು. ನೋಂದಣಿಯ ನಮೂನೆಯಲ್ಲಿ ‘ಸಸ್ಯಾಹಾರಿ’ ಎಂಬ ಚೌಕವಿತ್ತು, ನಾವಿಬ್ಬರೂ ಅದರಲ್ಲಿ ಗುರುತು ಹಾಕಿದ್ದೆವು, ಆದರೆ ಆ ಗುರುತನ್ನು ಅಡುಗೆಯವರಿಗೆ ಯಾರೂ ತಲುಪಿಸಿರಲಿಲ್ಲ. ಬೇಯಿಸಿದ ಹುರುಳಿಕಾಯಿ ಬೀಜದಲ್ಲಿ ಹಂದಿಯ ಮಾಂಸದ ಚೂರುಗಳಿದ್ದವು. ಉಳಿದದ್ದು ಬೆಳ್ಳುಳ್ಳಿ ಹಚ್ಚಿದ ಬ್ರೆಡ್ಡು, ಎಲೆಕೋಸಿನ ಕೋಸಂಬರಿಯಂಥದ್ದು, ಕಲ್ಲಂಗಡಿ ಹಣ್ಣು. 35 ಡಾಲರಿಗೆ ಇದು ಸಾಲದು. ನನ್ನ ಹೆಂಡತಿ ‘ಅಲ್ಲೇನು ಸಿಗುತ್ತೋ ಏನೋ’ ಎಂದು ಕಟ್ಟಿಕೊಟ್ಟಿದ್ದ ಪುಳಿಯೋಗರೆ, ಚಪಾತಿ, ಚಟ್ನಿಪುಡಿಯ ಬುತ್ತಿಯಿಂದ ನಮ್ಮ ಮಾನವೂ ಹೊಟ್ಟೆಯೂ ಉಳಿದವು. ಮಾಂಸ ಸುಡುತ್ತಿದ್ದ ಗಡ್ಡದ ಸಹೋದರರೊಬ್ಬರು ಪುಳಿಯೋಗರೆಯ ರುಚಿ ನೋಡಿ ಎರಡನೆಯ ಸಲವೂ ಕೈಯೊಡ್ಡಿದರು, ಅವರ ಮೇಲಿನ ಕೋಪ ಅಲ್ಲಿಗೆ ಇಳಿಯಿತು.

ಇನ್ನು ಜಾಗ. ಈ ತಪ್ಪಲಿನ ಗ್ರಾನೈಟ್ ಸ್ಯಾಕ್ರಮೆಂಟೊದ ಶಾಸನಸಭಾ ಭವನಕ್ಕೂ ಹೋಗಿದೆ. 1861ರ ಮೇ ತಿಂಗಳಲ್ಲಿ ಆ ಭವನದ ಮೂಲೆಗಲ್ಲನ್ನು ಇಟ್ಟವರು ಮೇಸನ್ನರೇ, ಅದೂ ಸಾರ್ವಜನಿಕರ ಎದುರಿಗೆ, ಧಾನ್ಯ, ದ್ರಾಕ್ಷಾರಸ, ಎಣ್ಣೆಗಳನ್ನು ಕಲ್ಲಿನ ಮೇಲೆ ಸುರಿಯುವ ವಿಧಿಯೊಂದಿಗೆ. ಮೇಸನ್ನರು ಬಯಲಿನಲ್ಲಿ ಮಾಡುವ ಕೆಲಸಗಳಲ್ಲಿ ಹೊರಗಿನವರು ನೋಡಬಹುದಾದದ್ದು ಮೂಲೆಗಲ್ಲಿನ ವಿಧಿ; 1793ರಲ್ಲಿ ಜಾರ್ಜ್ ವಾಷಿಂಗ್ಟನ್ ಏಪ್ರನ್ ಕಟ್ಟಿಕೊಂಡು ಅಮೆರಿಕದ ಕ್ಯಾಪಿಟಲ್ ಭವನಕ್ಕೆ ಮಾಡಿದ್ದು ಅದನ್ನೇ. ನಮ್ಮ ಕಲ್ಲುಗಣಿ ಸುಮಾರು ನಲವತ್ತು ಅಡಿ ಆಳದ ಹಳ್ಳ, ಮೂರು ಕಡೆ ನೆಟ್ಟಗೆ ಕಡಿದ ಗೋಡೆ, ಪೂರ್ವಕ್ಕೆ ಇಳಿಜಾರಿನ ದಾರಿ. ಗೋಡೆಯ ಮೇಲೆ ಒಂದೊಂದು ಗೇಣಿಗೆ ಒಂದರಂತೆ ಸಾಲಾಗಿ ಕೊರೆದ ಕುಳಿಗಳ ಅರ್ಧ ಉಳಿದಿತ್ತು: ಬೆಣೆ ಹೊಡೆದು ಬಂಡೆ ಸೀಳಿದ ಗುರುತು. ರಾಯರು ಅದರ ಮೇಲೆ ಬೆರಳಿಟ್ಟು, ‘ಹಂಪೀಲಿ ನೋಡಿಲ್ವೇನಪ್ಪಾ, ಬಂಡೆ ಬಂಡೆ ಮೇಲೂ ಇದೇ ಸಾಲು’ ಎಂದರು. ನಿಜ. ಮತಂಗದ ಬುಡದಲ್ಲಿ, ತುಂಗಭದ್ರೆಯ ದಂಡೆಯಲ್ಲಿ, ಸೀಳುವುದಕ್ಕೆಂದು ಕುಳಿ ತೋಡಿ ಹಾಗೆಯೇ ಬಿಟ್ಟ ಬಂಡೆಗಳನ್ನು ಕಂಡ ಯಾರಿಗೂ ಈ ಗೋಡೆ ಹೊಸತೆನಿಸದು. ಕೈ ಬದಲಾಗಿದೆ, ಭಾಷೆ ಬದಲಾಗಿದೆ, ಕಲ್ಲು ಒಡೆಯುವ ಲೆಕ್ಕ ಬದಲಾಗಿಲ್ಲ.

ಈ ಡಿಗ್ರಿಯ ಕಥೆ ನಡೆಯುವುದು ಜೆರುಸಲೇಮಿನಲ್ಲಿ ಸೊಲೊಮನ್ ದೊರೆ ಕಟ್ಟಿಸುತ್ತಿದ್ದ ದೇವಾಲಯದಲ್ಲಿ. ಕಲ್ಲುಗಳನ್ನೆಲ್ಲ ಗಣಿಯಲ್ಲೇ ಕಡಿದು ಹದಗೊಳಿಸಿ ತಂದದ್ದರಿಂದ, ಕಟ್ಟುವ ಜಾಗದಲ್ಲಿ ಸುತ್ತಿಗೆಯದಾಗಲಿ ಕಬ್ಬಿಣದ ಯಾವ ಉಪಕರಣದ್ದಾಗಲಿ ಸದ್ದು ಕೇಳಿಸಲಿಲ್ಲವೆಂದು ಬೈಬಲಿನ ಅರಸುಗಳ ಗ್ರಂಥ ಹೇಳುತ್ತದೆ. ಸಭಾಂಗಣದಲ್ಲಿ ಆ ಮಾತನ್ನು ಕೇಳುವಾಗ ನಾವು ದೇವಾಲಯದೊಳಗೆ ಕುಳಿತಂತೆ ಭಾವಿಸಿಕೊಳ್ಳುತ್ತೇವೆ. ಇಲ್ಲಿ ಕುಳಿತಾಗ ನಾವಿದ್ದದ್ದು ಗಣಿಯಲ್ಲಿ, ಸದ್ದಿನ ಕಡೆಯಲ್ಲಿ, ಅಂದರೆ ಕೆಲಸ ಇನ್ನೂ ಮುಗಿಯದ ಕಡೆಯಲ್ಲಿ. ಆ ಮಾತಿನ ಅರ್ಥ ನನಗೆ ಆ ಸಂಜೆ ತಲೆಕೆಳಗಾಯಿತು, ಮತ್ತು ಇದೊಂದು ಕಾರಣಕ್ಕಾಗಿಯೇ ಹೋದದ್ದು ಸಾರ್ಥಕವೆಂದು ನಾನು ಬರೆಯಬಲ್ಲೆ.

ಗಣಿಯ ತಳದಲ್ಲಿ ಹಗ್ಗ ಹಿಡಿದು ಚೌಕ ಗುರುತಿಸಿ ಲಾಡ್ಜ್ ಹೂಡಿದ್ದರು. ಪೂರ್ವದಲ್ಲಿ ಮಾಸ್ಟರ್, ಪಶ್ಚಿಮದಲ್ಲಿ ಸೀನಿಯರ್ ವಾರ್ಡನ್, ದಕ್ಷಿಣದಲ್ಲಿ ಜೂನಿಯರ್ ವಾರ್ಡನ್. ಉತ್ತರ ಕತ್ತಲೆಯ ದಿಕ್ಕೆಂದು ಅಲ್ಲಿ ಯಾವ ಪ್ರಮುಖ ಅಧಿಕಾರಿಯ ಪೀಠವೂ ಇರುವುದಿಲ್ಲ. ಅಮೆರಿಕದ ಪದ್ಧತಿಯಂತೆ ನಟ್ಟನಡುವೆ ಬಲಿಪೀಠ: ಗಣಿಯವರು ಬಿಟ್ಟುಹೋದ, ಒಂದು ಮಗ್ಗುಲು ಮಾತ್ರ ನಯಗೊಳಿಸಿದ ಕಲ್ಲು. ಅದರ ಮೇಲೆ ಬೈಬಲ್, ಮೂಲೆಮಟ್ಟ, ಕೈವಾರ. ನಮ್ಮ ದೇಶದ ಲಾಡ್ಜ್‌ಗಳಲ್ಲಿ ಸದಸ್ಯರ ಧರ್ಮಗಳಿಗೆ ತಕ್ಕಂತೆ ಭಗವದ್ಗೀತೆ, ಕುರಾನ್, ಬೈಬಲ್, ಪಾರಸಿಗಳ ಅವೆಸ್ತಾ ಎಲ್ಲವೂ ಒಟ್ಟಿಗೆ ತೆರೆದಿರುವುದನ್ನು ನೋಡಿ ಅಭ್ಯಾಸವಾದ ಕಣ್ಣಿಗೆ ಒಂದೇ ಪುಸ್ತಕದ ಪೀಠ ಸ್ವಲ್ಪ ಬೋಳಾಗಿ ಕಾಣುತ್ತದೆ. ಇದು ದೂರಲ್ಲ, ಅವರ ರೂಢಿ ಅದು, ಅಭ್ಯರ್ಥಿ ಕೇಳಿಕೊಂಡರೆ ಅವನ ಗ್ರಂಥವನ್ನೂ ಇಡುತ್ತಾರೆ. ಪೀಠದ ಸುತ್ತ ಉರಿಯಬೇಕಾದ ಮೂರು ದೀಪಗಳು ಬ್ಯಾಟರಿಯವು. ಬೇಸಿಗೆಯಲ್ಲಿ ಈ ಗುಡ್ಡಗಳಲ್ಲಿ ಬೆಂಕಿಯ ನಿಷೇಧ ಜಾರಿಯಲ್ಲಿರುವಾಗ ಮೇಣದ ಬತ್ತಿಯನ್ನೂ ಹಚ್ಚುವಂತಿಲ್ಲ, ಆ ನಿಷೇಧವನ್ನು ಅಕ್ಷರಶಃ ಪಾಲಿಸಿದ್ದನ್ನು ನಾನು ಮೆಚ್ಚುತ್ತೇನೆ, ದೀಪಗಳು ಆಟದ ಸಾಮಾನಿನಂತೆ ಕಂಡರೂ ಸರಿ.

ಟೋಪಿಯದೊಂದು ತಮಾಷೆ. ಅಮೆರಿಕದ ಲಾಡ್ಜ್‌ನಲ್ಲಿ ಟೋಪಿ ಹಾಕಿಕೊಂಡು ಕೂರುವ ಅಧಿಕಾರ ಮಾಸ್ಟರ್ ಒಬ್ಬರಿಗೇ. ಮಧ್ಯಾಹ್ನ 38 ಡಿಗ್ರಿ ಬಿಸಿಲಿನಲ್ಲಿ ನೂರಮೂವತ್ತಕ್ಕೂ ಹೆಚ್ಚು ಜನ ಒಣಹುಲ್ಲಿನ ಟೋಪಿ, ಕೌಬಾಯ್ ಟೋಪಿ, ಕ್ರಿಕೆಟ್ ಟೋಪಿ ಹಾಕಿಕೊಂಡೇ ಓಡಾಡಿದವರು, ಗ್ಯಾವೆಲ್ ಎಂಬ ಮರದ ಕೊಡತಿ ಮೊದಲ ಸಲ ಬಡಿದೊಡನೆ ಎಲ್ಲರೂ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೋಳುತಲೆಗಳ ಸಾಲೊಂದು ಥಟ್ಟನೆ ಬೆಳಗಿತು. ಬೆಂಗಳೂರಿನಲ್ಲಿ ನಾವು ಕಪ್ಪು ಕೋಟು, ಬಿಳಿಯ ಕೈಗವಸು ಇಲ್ಲದೆ ಬಾಗಿಲು ದಾಟುವುದಿಲ್ಲ. ಇಲ್ಲಿ ಜೀನ್ಸ್, ಬೂಟು, ಅದರ ಮೇಲೆ ಕುರಿಮರಿಯ ಚರ್ಮದ ಬಿಳಿಯ ಏಪ್ರನ್. ರಾಯರು ಕೋಟು ಹಾಕಿಕೊಂಡೇ ಬಂದಿದ್ದರು, ಕೊನೆಯವರೆಗೂ ತೆಗೆಯಲಿಲ್ಲ.

ಆರಕ್ಕೆ ಆರಂಭವೆಂದು ಆಹ್ವಾನದಲ್ಲಿತ್ತು, ಲಾಡ್ಜ್ ತೆರೆದದ್ದು ಏಳೂ ಇಪ್ಪತ್ತಕ್ಕೆ. ಮಣ್ಣಿನ ದಾರಿ ಒಂದೇ ಕಾರಿನಷ್ಟು ಅಗಲ, ಮೇಲೆ ನಿಲ್ಲಿಸುವ ಜಾಗ ತುಂಬಿದ ಮೇಲೆ ಬಂದವರು ಅರ್ಧ ಮೈಲಿ ನಡೆಯಬೇಕಾಯಿತು, ಅವರಿಗಾಗಿ ಎಲ್ಲರೂ ಕಾದೆವು. ನಿಂತು ನಿಂತು ಕಾಲು ನೋಯಿಸಿಕೊಂಡ ಹಿರಿಯರು ಅನೇಕರಿದ್ದರು. ‘ಮಡಿಸುವ ಕುರ್ಚಿ ತನ್ನಿ’ ಎಂದು ಆಹ್ವಾನದ ಕೊನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಓದದವರು ಕಲ್ಲಿನ ಮೇಲೆ ಕುಳಿತರು; ಇಡೀ ದಿನ ಬಿಸಿಲು ಕುಡಿದ ಗ್ರಾನೈಟು ಎಂಟು ಗಂಟೆಯವರೆಗೂ ಕೂರಗೊಡುವುದಿಲ್ಲ. ಈ ತಡಕ್ಕೆ ನಾನು ಬೈದುಕೊಳ್ಳುತ್ತಲೇ ಇದ್ದೆ. ಆದರೆ ಮುಂದೆ ನಡೆದದ್ದನ್ನೂ ಹೇಳಬೇಕು. ಪೂರ್ವದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕುಳಿತಿದ್ದ ಮಾಸ್ಟರ್‌ಗೆ ಬಿಸಿಲು ನೇರ ಕಣ್ಣಿಗೆ ಬಡಿಯುತ್ತಿತ್ತು, ಅವರು ಟೋಪಿಯ ಅಂಚನ್ನು ಕೆಳಗೆಳೆದುಕೊಂಡು ಪ್ರಶ್ನೆಗಳನ್ನು ಕೇಳುತ್ತಿದ್ದರು. ದಿನದ ಕೊನೆಯಲ್ಲಿ ಸೂರ್ಯ ಪಶ್ಚಿಮದಲ್ಲಿರುವಂತೆ ತಾನೂ ಪಶ್ಚಿಮದಲ್ಲಿರುವೆನೆಂದು ಸೀನಿಯರ್ ವಾರ್ಡನ್ ಉತ್ತರಿಸುವ ಒಂದು ಹಳೆಯ ಮಾತಿದೆ, ಅಚ್ಚಾದ ಪುಸ್ತಕಗಳಲ್ಲೆಲ್ಲ ಸಿಗುತ್ತದೆ. ಅವರು ಅದನ್ನು ಹೇಳುವ ಹೊತ್ತಿಗೆ ಸೂರ್ಯ ಅವರ ಬೆನ್ನ ಹಿಂದಿನ ಗಣಿಯ ಅಂಚಿಗೆ ಮುಟ್ಟಿದ್ದ; ಮಾತು ಮುಗಿಯುವುದಕ್ಕೂ ನೆರಳು ಬಲಿಪೀಠದ ಕಲ್ಲನ್ನು ಹತ್ತಿ ದಾಟುವುದಕ್ಕೂ ಸರಿಹೋಯಿತು. ಯಾರೂ ಕೆಮ್ಮಲೂ ಇಲ್ಲ. ಆರಕ್ಕೆ ಸರಿಯಾಗಿ ಶುರುಮಾಡಿದ್ದರೆ ಇದು ಸಿಗುತ್ತಿರಲಿಲ್ಲ.

ಲಾಡ್ಜ್‌ಗೆ ಮಾಡು ಯಾವುದೆಂದರೆ ಮೋಡ ಮುಸುಕಿದ ಅಥವಾ ನಕ್ಷತ್ರ ಹೊದ್ದ ಆಕಾಶವೇ ಎಂಬುದೂ ಪಾಠದಲ್ಲಿದೆ. ನಾನು ಕಂಡ ಸಭಾಂಗಣಗಳಲ್ಲಿ ಅದಕ್ಕೆ ನೀಲಿ ಬಣ್ಣ ಬಳಿದು ಬೆಳ್ಳಿಯ ಕಾಗದದ ಚುಕ್ಕಿ ಅಂಟಿಸಿರುತ್ತಾರೆ. ಇಲ್ಲಿ ಒಂಬತ್ತು ಗಂಟೆಗೆ ಒಂದೊಂದಾಗಿ ಮೂಡಿದವು. ಆದರೆ ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಕಟ್ಟಡದ ಕೆಲಸಕ್ಕೆ ಬಳಸುವ ದೊಡ್ಡ ಎಲ್‌ಇಡಿ ದೀಪಗಳನ್ನು ನಾಲ್ಕು ಮೂಲೆಗಳಲ್ಲಿ ಹೊತ್ತಿಸಿದರು, ಅವಕ್ಕೆ ಕರೆಂಟು ಕೊಡಲು ಪಶ್ಚಿಮದ ಗೋಡೆಯ ಬುಡದಲ್ಲಿ ಜನರೇಟರ್ ಹಚ್ಚಿದರು. ನಕ್ಷತ್ರಗಳೂ ಹೋದವು, ಮಾತುಗಳೂ ಹೋದವು. ಕಲ್ಲಿನ ಗೋಡೆ ಮನುಷ್ಯರ ದನಿಯನ್ನು ಎಷ್ಟು ಚೆನ್ನಾಗಿ ಮರಳಿಸುತ್ತದೆಯೋ ಜನರೇಟರಿನ ಗುರುಗುಟ್ಟನ್ನೂ ಅಷ್ಟೇ ಚೆನ್ನಾಗಿ ಮರಳಿಸುತ್ತದೆ. ಇದು ಈ ಕಾರ್ಯಕ್ರಮದ ದೊಡ್ಡ ದೋಷ. ಊಟದ್ದನ್ನು ಕ್ಷಮಿಸಬಹುದು, ಇದನ್ನು ಕ್ಷಮಿಸಲಾಗದು. ರಾಯರು ಕಿವಿಯ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಂಡು, ‘ನಮ್ಮ ಕಡೆ ಭಾಗವತರು ಬಾಯಿ ಬಿಟ್ರೆ ಮೂರು ಊರಿಗೆ ಕೇಳ್ತಿತ್ತಲ್ಲಪ್ಪಾ, ಅಲ್ಲಿ ಯಾವ ಜನರೇಟರಿತ್ತು’ ಎಂದರು. ಅವರು ಹುಟ್ಟಿದ್ದು ತೀರ್ಥಹಳ್ಳಿಯ ಕಡೆ, ಗ್ಯಾಸ್‌ಲೈಟಿನ ಬೆಳಕಿನಲ್ಲಿ ಬೆಳಗಾಗುವವರೆಗೆ ಬಯಲಾಟ ನೋಡಿ ಬೆಳೆದವರು. ನಡುವೆ ಹತ್ತು ನಿಮಿಷದ ವಿರಾಮ ಬಂದಾಗ ಅವರೇ ನೇರವಾಗಿ ಮಾಸ್ಟರ್ ಹತ್ತಿರ ಹೋಗಿ ಇದನ್ನು ಹೇಳಿದರು. ಅಚ್ಚರಿಯೆಂದರೆ ಅವರು ಒಡನೆಯೇ ಒಪ್ಪಿದರು. ನಾಲ್ಕು ಜನ ಸೇರಿ ಜನರೇಟರನ್ನು ಇಳಿಜಾರಿನ ಆಚೆಗೆ ಎಳೆದೊಯ್ದರು, ನಾಲ್ಕು ದೀಪಗಳಲ್ಲಿ ಮೂರನ್ನು ಆರಿಸಿದರು. ಹೇಳಿದ್ದನ್ನು ಕೇಳಿ ಆಗಿಂದಾಗಲೇ ತಿದ್ದಿಕೊಂಡ ಗುಣಕ್ಕೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ವಿರಾಮದ ನಂತರದ ಭಾಗವೇ ಈ ಡಿಗ್ರಿಯ ಜೀವ. ದೇವಾಲಯದ ಮಹಾಶಿಲ್ಪಿ ಹಿರಾಮ್ ಅಬಿಫ್ ತನ್ನ ಗುಟ್ಟನ್ನು ಬಿಟ್ಟುಕೊಡದೆ ಪ್ರಾಣ ಬಿಟ್ಟ ಕಥೆ ವಿಶ್ವಕೋಶಗಳಲ್ಲೇ ಅಚ್ಚಾಗಿರುವುದರಿಂದ ಅಷ್ಟನ್ನು ಹೇಳುವುದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಇಂಗ್ಲಿಷ್ ಪದ್ಧತಿಯಂತೆ ಇದು ಹೆಚ್ಚಾಗಿ ಮಾಸ್ಟರ್ ನಿಂತು ಹೇಳುವ ಕಥನ. ಅಮೆರಿಕದಲ್ಲಿ ವೇಷ ತೊಟ್ಟು ಪಾತ್ರಗಳನ್ನು ಹಂಚಿಕೊಂಡು ಆಡುವ ನಾಟಕ. ಸಭಾಂಗಣದಲ್ಲಿ ಈ ನಾಟಕವನ್ನು ನೋಡಿದಾಗ ನನಗೆ ಹಲವು ಸಲ ಮುಜುಗರವಾದದ್ದುಂಟು: ವಿಮಾ ಕಂಪನಿಯಲ್ಲಿ ಕೆಲಸ ಮಾಡುವ ಸಜ್ಜನರೊಬ್ಬರು ಮೇಜುಬಟ್ಟೆಯಂಥ ನಿಲುವಂಗಿ ತೊಟ್ಟು ಕಾರ್ಪೆಟ್ಟಿನ ಮೇಲೆ ಓಡಾಡುವುದು ನೋಡಲು ಕಷ್ಟ. ಇಲ್ಲಿ ಅದೇ ನಿಲುವಂಗಿ, ಅದೇ ಹವ್ಯಾಸಿ ನಟರು, ಆದರೆ ಕಾಲ ಕೆಳಗೆ ಕಲ್ಲಿನ ಚಕ್ಕೆಗಳು ಕರಕರ ಎನ್ನುತ್ತಿದ್ದವು, ಹುಡುಕುತ್ತ ಹೊರಟವರ ದನಿ ಕತ್ತಲೆಯೊಳಗಿಂದ, ಗಣಿಯ ಮೇಲಿನ ಅಂಚಿನಿಂದ, ನಿಜವಾಗಿಯೂ ದೂರದಿಂದ ಬರುತ್ತಿತ್ತು. ಕರೆದ ಹೆಸರನ್ನು ಗೋಡೆ ಒಮ್ಮೆ ತಿರುಗಿ ಕರೆಯುತ್ತಿತ್ತು. ನನಗೆ ಬೇಲೂರಿನ ಜಕಣಾಚಾರಿ ನೆನಪಾದ. ಅಲ್ಲಿಯದು ಕಲ್ಲಿನೊಳಗಿನ ಕಪ್ಪೆಯಿಂದ ಅಹಂಕಾರ ಮುರಿದು ಕೈ ಕಡಿದುಕೊಂಡ ಶಿಲ್ಪಿಯ ಕಥೆ, ಇಲ್ಲಿಯದು ಕೊಟ್ಟ ಮಾತಿಗಾಗಿ ಪ್ರಾಣ ಬಿಟ್ಟ ಶಿಲ್ಪಿಯದು. ಎರಡಕ್ಕೂ ಚರಿತ್ರೆಯ ಆಧಾರ ಹುಡುಕುವವರು ನಿರಾಶರಾಗುತ್ತಾರೆ. ಆದರೂ ದೊಡ್ಡ ಗುಡಿಯೊಂದನ್ನು ಕಟ್ಟುವ ನಾಡೆಲ್ಲ ಅದರ ಶಿಲ್ಪಿಗೆ ಏನೋ ನಷ್ಟವಾಯಿತೆಂದು ಕಥೆ ಕಟ್ಟಿಕೊಳ್ಳುವುದೇಕೆ ಎಂಬ ಯೋಚನೆ ಮನೆಗೆ ಬರುವವರೆಗೂ ಬಿಡಲಿಲ್ಲ.

ಬಯಲಾಟಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಹೇಳದಿದ್ದರೆ ನಮ್ಮ ಓದುಗರಿಗೆ ತಪ್ಪು ಕಲ್ಪನೆಯಾದೀತು. ಯಕ್ಷಗಾನದ ಅರ್ಥಧಾರಿ ಆಯಾ ರಾತ್ರಿಗೆ ಮಾತನ್ನು ಹೊಸದಾಗಿ ಕಟ್ಟುತ್ತಾನೆ. ಇಲ್ಲಿ ಒಂದು ಪದವನ್ನೂ ಕದಲಿಸುವಂತಿಲ್ಲ, ಎಲ್ಲವೂ ಕಂಠಪಾಠ, ಕೈಯಲ್ಲಿ ಪುಸ್ತಕ ಹಿಡಿಯುವುದೂ ಇಲ್ಲ. ಮುಖ್ಯ ಪಾತ್ರಧಾರಿಯೊಬ್ಬರು ಉದ್ದನೆಯ ಮಾತಿನ ನಡುವೆ ಮರೆತು ನಿಂತರು. ಸಭಾಂಗಣದಲ್ಲಾದರೆ ಪಕ್ಕದವರು ಪಿಸುಮಾತಿನಲ್ಲಿ ಎತ್ತಿಕೊಡುತ್ತಾರೆ. ಮೂವತ್ತು ಹೆಜ್ಜೆ ದೂರದ ಬಯಲಿನಲ್ಲಿ ಪಿಸುಮಾತು ಹೇಗೆ ಮುಟ್ಟೀತು? ಕೊನೆಗೆ ಪೂರ್ವದಿಂದ ಯಾರೋ ಗಟ್ಟಿಯಾಗಿಯೇ ಕೂಗಿ ಹೇಳಿದರು, ಗೋಡೆಯೂ ಅದನ್ನೇ ಹೇಳಿತು, ಒಬ್ಬಿಬ್ಬರು ನಕ್ಕರು. ಡಿಗ್ರಿ ಪಡೆಯುತ್ತಿದ್ದ ಅಭ್ಯರ್ಥಿಯ ಪಾಲಿಗೆ ಇದು ಬಾಳಿನಲ್ಲಿ ಒಂದೇ ಸಲ ಬರುವ ಸಂಜೆ, ಆದ್ದರಿಂದ ಬಯಲಿನಲ್ಲಿ ನಡೆಸುವವರು ಬಯಲಿನಲ್ಲೇ ಒಂದೆರಡು ಸಲ ತಾಲೀಮು ಮಾಡಬೇಕು. ಇವರು ಊರಿನ ಸಭಾಂಗಣದಲ್ಲಷ್ಟೇ ಮಾಡಿದ್ದರೆಂದು ಆಮೇಲೆ ತಿಳಿಯಿತು.

ಕಾವಲಿನವರನ್ನು ಮರೆಯುವಂತಿಲ್ಲ. ಲಾಡ್ಜಿನ ಹೊರಬಾಗಿಲಲ್ಲಿ ಕತ್ತಿ ಹಿಡಿದು ನಿಲ್ಲುವ ಅಧಿಕಾರಿಗೆ ಟೈಲರ್ ಎಂದು ಹೆಸರು. ಬಟ್ಟೆ ಹೊಲಿಯುವವನಿಗೂ ಈತನಿಗೂ ಸಂಬಂಧವಿಲ್ಲ. ಬಾಗಿಲೊಂದಿದ್ದಲ್ಲಿ ಈ ಕತ್ತಿ ಅಲಂಕಾರ ಮಾತ್ರ. ಬಾಗಿಲೇ ಇಲ್ಲದ ಗಣಿಗೆ ಏಳು ಜನ ಬೇಕಾದರು, ಆರು ಜನ ಮೇಲಿನ ಅಂಚಿನಲ್ಲಿ ಸುತ್ತ ನಿಂತರು, ಒಬ್ಬರು ಇಳಿಜಾರಿನಲ್ಲಿ. ಅವರು ಡಿಗ್ರಿಯನ್ನು ನೋಡಲಿಲ್ಲ, ಬೆನ್ನು ತಿರುಗಿಸಿಕೊಂಡೇ ನಾಲ್ಕು ಗಂಟೆ ನಿಂತರು. ಆಕಾಶದ ಹಿನ್ನೆಲೆಯಲ್ಲಿ ಆ ಆರು ಆಕೃತಿಗಳು ಕಂಡಾಗ, ಎತ್ತರದ ಗುಡ್ಡದ ಮೇಲೆ ಸೇರುತ್ತಿದ್ದರೆಂಬ ಹಳೆಯ ಮಾತಿಗೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ. ನಮ್ಮ ಬೆಂಗಳೂರಿನ ದಂಡಿಗೂ ಲಾಡ್ಜ್‌ಗಳು ಬ್ರಿಟಿಷ್ ಸೇನೆಯ ಜೊತೆಗೇ ಬಂದವು. ತಿರುಗಾಡುವ ಪಲ್ಟನ್ನುಗಳಿಗೆ ಹೋದಲ್ಲೆಲ್ಲ ಲಾಡ್ಜ್ ತೆರೆಯಲು ಸಂಚಾರಿ ಸನ್ನದು ಕೊಡುವ ಪದ್ಧತಿಯನ್ನು ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜ್ 1732ರಲ್ಲೇ ಆರಂಭಿಸಿತ್ತು. ಡೇರೆಯ ಹೊರಗೆ ಹೀಗೆಯೇ ಯಾರೋ ನಿಂತಿದ್ದಿರಬೇಕು. ಇಷ್ಟೆಲ್ಲ ಕಾವಲಿದ್ದರೂ ಪಕ್ಕದ ಹೊಲದ ಯಜಮಾನರ ನಾಯಿಯೊಂದು ಕಾವಲಿನ ಸಾಲನ್ನು ದಾಟಿ ಬಂದು, ನೇರವಾಗಿ ಉತ್ತರ ದಿಕ್ಕಿಗೆ ಹೋಗಿ ಮಲಗಿ, ಲಾಡ್ಜ್ ಮುಚ್ಚುವವರೆಗೂ ಅಲ್ಲೇ ಇತ್ತು. ಅದನ್ನು ಎಬ್ಬಿಸುವ ವಿಧಿ ಯಾವ ಪುಸ್ತಕದಲ್ಲೂ ಇಲ್ಲವೆಂದು ಮಾಸ್ಟರ್ ಆಮೇಲೆ ಹೇಳಿದರು.

ಹೋಗಬಯಸುವವರಿಗೆ ಕೆಲವು ಮಾತುಗಳು. ಕುರ್ಚಿ, ಎರಡು ಲೀಟರ್ ನೀರು, ಟಾರ್ಚು, ಸಂಜೆಯ ಮೇಲೆ ಹಾಕಿಕೊಳ್ಳಲು ಸ್ವೆಟರ್ ಬೇಕೇ ಬೇಕು. ಹಗಲಿನ ಬೆಂಕಿ ರಾತ್ರಿ ಹತ್ತಕ್ಕೆ ಚಳಿಯಾಗಿ ಮಾರ್ಪಡುತ್ತದೆ. ನೂರಮೂವತ್ತು ಜನರಿಗೆ ಎರಡೇ ತಾತ್ಕಾಲಿಕ ಶೌಚಾಲಯಗಳು, ಅವೂ ಗಣಿಯ ಮೇಲೆ, ಇಳಿಜಾರು ಹತ್ತಿ ಹೋಗಬೇಕು. ಮಂಡಿ ನೋವಿನವರು, ಮಧುಮೇಹದವರು ಮೊದಲೇ ಯೋಚಿಸಿಕೊಳ್ಳಲಿ. ವೈದ್ಯರೊಬ್ಬರು ಪೆಟ್ಟಿಗೆಯೊಂದಿಗೆ ಹಾಜರಿದ್ದದ್ದು, ಬುಡುಬುಡು ಸದ್ದು ಮಾಡುವ ರ‍್ಯಾಟಲ್ ಹಾವಿನ ಬಗೆಗೂ ಮುಟ್ಟಿದರೆ ಮೈ ತುರಿಸುವ ಪಾಯಿಸನ್ ಓಕ್ ಗಿಡದ ಬಗೆಗೂ ಮುಂಚೆಯೇ ಎಚ್ಚರಿಸಿದ್ದು ಒಳ್ಳೆಯ ಕೆಲಸ. ಕೂರುವುದಕ್ಕೆ ದಕ್ಷಿಣದ ಸಾಲಿನ ಪೂರ್ವದ ತುದಿ ಎಲ್ಲಕ್ಕಿಂತ ಮೇಲು, ಅಲ್ಲಿಂದ ಬಿಸಿಲು ಕಣ್ಣಿಗೆ ಬೀಳುವುದಿಲ್ಲ, ಗೋಡೆಯಿಂದ ಮರಳಿದ ದನಿಯೂ ಸ್ಪಷ್ಟವಾಗಿ ಕೇಳುತ್ತದೆ. ಇನ್ನೂ ಒಂದನೆಯ, ಎರಡನೆಯ ಡಿಗ್ರಿಯಲ್ಲಿರುವವರು ಬಂದರೆ ಊಟಕ್ಕಷ್ಟೇ ಸೇರಬಹುದು. ತಮ್ಮ ಮೂರನೆಯ ಡಿಗ್ರಿಯನ್ನೇ ಬಯಲಿನಲ್ಲಿ ಪಡೆಯಬೇಕೇ ಎಂದು ಕೇಳುವ ಕಿರಿಯರಿಗೆ ನನ್ನ ಉತ್ತರ: ಬೇಡ, ಮೊದಲು ಸಭಾಂಗಣದಲ್ಲಿ ಮಾತುಗಳನ್ನೆಲ್ಲ ಸರಿಯಾಗಿ ಕೇಳಿಸಿಕೊಂಡು ಪಡೆಯಿರಿ, ಅನಂತರ ನೋಡುವವರಾಗಿ ಇಲ್ಲಿಗೆ ಬನ್ನಿ. ಕಂಠಪಾಠವಾದ ಮಾತುಗಳಿಗೆ ಬಿಸಿಲು, ಕಲ್ಲು, ಕತ್ತಲು ತಗುಲಿದಾಗ ಏನಾಗುತ್ತದೆಂದು ತಿಳಿಯಬೇಕಾದರೆ ಆ ಮಾತುಗಳು ಮೊದಲೇ ಗೊತ್ತಿರಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದರಲ್ಲಿ ಅರ್ಧ ಜನರೇಟರಿಗೆ, ಅರ್ಧ ಹುರುಳಿಕಾಯಿ ಬೀಜಕ್ಕೆ.

ಹಿಂದಿನ ಕಾಲದಲ್ಲಿ ಹಳ್ಳಿಗಾಡಿನ ಲಾಡ್ಜ್‌ಗಳು ಹುಣ್ಣಿಮೆಯ ಆಸುಪಾಸಿಗೆ ಸಭೆ ಇಟ್ಟುಕೊಳ್ಳುತ್ತಿದ್ದವು, ಕುದುರೆಯ ಮೇಲೆ ಮನೆಗೆ ಮರಳುವವರಿಗೆ ಬೆಳಕಿರಲೆಂದು. ನಮ್ಮ ಸಭೆಯ ದಿನವನ್ನು ಗೊತ್ತುಮಾಡಿದವರು ಪಂಚಾಂಗ ನೋಡಿದಂತೆ ಕಾಣಲಿಲ್ಲ; ಹನ್ನೊಂದೂವರೆಗೆ ಹೊರಟಾಗ ಗಾಢವಾದ ಕತ್ತಲು, ಮುಂದಿನ ಕಾರಿನ ಕೆಂಪು ದೀಪವನ್ನೇ ಹಿಡಿದು ಆ ಮಣ್ಣಿನ ದಾರಿಯಲ್ಲಿ ಇಳಿಯುವುದಕ್ಕೆ ಮುಕ್ಕಾಲು ಗಂಟೆ ಬೇಕಾಯಿತು. ರಾಯರು ಕೋಟಿನ ಜೇಬಿನಿಂದ ಹೆಬ್ಬೆರಳ ಗಾತ್ರದ ಗ್ರಾನೈಟ್ ಚಕ್ಕೆಯೊಂದನ್ನು ತೆಗೆದು, ಮೈಸೂರಿನಲ್ಲಿ ತಮ್ಮ ಲಾಡ್ಜಿನವರಿಗೆ ತೋರಿಸಬೇಕು, ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ ಎಂದು ಕೇಳಿದರು. ಬಿಡುತ್ತಾರೆ ರಾಯರೇ, ಕಲ್ಲಿಗೇನಂತೆ, ಎಂದೆ. ಅವರು ಅದನ್ನು ಖಾಲಿಯಾದ ಬುತ್ತಿಯ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದರು.